ಹರಿಗೋಲಿನಲ್ಲಿ ನಮಗೂ ಜಾಗ ಬೇಕು

ಕಾರ್ಮಿಕ ಸಂಘದ ಸಭೆಯಲ್ಲಿ ಬೋನಸ್ಸಿನ ಮಾತು ಬಂದರೆ ಎಲ್ಲರ ಕಿವಿಯೂ ನಿಮಿರುತ್ತದೆ. ತುಟ್ಟಿಭತ್ಯದ ಮಾತು ಬಂದರೆ ಮೇಜು ಗುದ್ದುವವರೂ ಇರುತ್ತಾರೆ. ಆದರೆ ಅದೇ ಸಭೆಯಲ್ಲಿ ಯಾರಾದರೊಬ್ಬರು ಎದ್ದು ನಿಂತು, "ಬರುವ ಭಾನುವಾರ ಹೆಂಡತಿ ಮಕ್ಕಳನ್ನು ಕರೆದುಕೊಂಡು ಶ್ರೀರಂಗಪಟ್ಟಣಕ್ಕೆ ಹೋಗಿ, ಕಾವೇರಿಯಲ್ಲಿ ಹರಿಗೋಲು ಹತ್ತಿ ಬರೋಣ" ಎಂದರೆ ಸಾಕು, ಸಭೆಯೆಲ್ಲ ನಗುತ್ತದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವೇ ಎಂಬ ಗಾದೆ ಯಾರ ಬಾಯಿಂದಲಾದರೂ ಬಂದೇ ಬರುತ್ತದೆ.

ಈ ನಗುವನ್ನು ನಾವು ಒಪ್ಪುವುದಿಲ್ಲ. ಹಿಟ್ಟು ಬೇಕು, ಅದಕ್ಕಾಗಿ ಹೋರಾಡಬೇಕು, ಇದರಲ್ಲಿ ಎರಡು ಮಾತಿಲ್ಲ. ಆದರೆ ಮಲ್ಲಿಗೆ ನಮ್ಮದಲ್ಲವೆಂದು ಹೇಳಿದವರು ಯಾರು? ಗಾದೆ ಕಟ್ಟಿದವರು ದುಡಿಯುವ ಜನವೇ ಇರಬಹುದು. ಆದರೆ ಅದನ್ನು ಇಂದು ನಮ್ಮ ಮೇಲೆ ಪ್ರಯೋಗಿಸುವವರು ಹಿಟ್ಟನ್ನೂ ಮಲ್ಲಿಗೆಯನ್ನೂ ತಾವೇ ಇಟ್ಟುಕೊಂಡವರು. ಒಂದು ದಿನದ ನದಿ ವಿಹಾರವೆಂಬ ಈ ಸಣ್ಣ ವಿಷಯವನ್ನು ನಾವು ಇಂದು ಎತ್ತಿಕೊಂಡಿರುವುದು ಅದಕ್ಕಾಗಿಯೇ. ಸಣ್ಣದೆಂದು ತೋರುವ ಈ ವಿಷಯದೊಳಗೆ ವಾರದ ರಜೆ, ನದಿಯ ದಂಡೆ, ಅಂಬಿಗನ ಕೂಲಿ, ಮಕ್ಕಳ ಜೀವ, ಇಷ್ಟೂ ಅಡಗಿವೆ.

ಮೊದಲು ರಜೆಯ ಮಾತು. ಭಾನುವಾರವೆಂಬುದು ಪಂಚಾಂಗದಿಂದ ಉದುರಿ ನಮ್ಮ ಮಡಿಲಿಗೆ ಬಿದ್ದದ್ದಲ್ಲ. ಮುಂಬಯಿಯ ಗಿರಣಿ ಕಾರ್ಮಿಕರು ನಾರಾಯಣ ಮೇಘಾಜಿ ಲೋಖಂಡೆಯವರ ನೇತೃತ್ವದಲ್ಲಿ ವರ್ಷಗಟ್ಟಲೆ ಅರ್ಜಿ ಬರೆದು, ಸಭೆ ಸೇರಿ, ಒತ್ತಾಯ ಮಾಡಿದ ಮೇಲೆ 1890ರಲ್ಲಿ ಗಿರಣಿ ಮಾಲೀಕರು ವಾರಕ್ಕೊಂದು ರಜೆಗೆ ಒಪ್ಪಿದರು. 1921ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಕೈಗಾರಿಕೆಗಳಲ್ಲಿ ವಾರದ ವಿಶ್ರಾಂತಿಯ ಒಡಂಬಡಿಕೆಯನ್ನು ಅಂಗೀಕರಿಸಿತು. 1923ರಲ್ಲಿ ಭಾರತವೂ ಅದಕ್ಕೆ ಸಹಿ ಹಾಕಿತು. ಸ್ವಾತಂತ್ರ್ಯ ಬಂದ ಮರುವರ್ಷವೇ 1948ರ ಕಾರ್ಖಾನೆ ಕಾಯಿದೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂದು ಗೆರೆ ಎಳೆಯಿತು. ಅಂಗಡಿ ಮುಂಗಟ್ಟುಗಳಲ್ಲಿ ದುಡಿಯುವವರಿಗೆ ನಮ್ಮ ರಾಜ್ಯದ 1961ರ ಕಾಯಿದೆ ವಾರದ ರಜೆಯನ್ನು ಕೊಟ್ಟಿತು.

ಎಪ್ಪತ್ತು ವರ್ಷ ಆ ಗೆರೆ ನಿಂತಿತ್ತು. ಈಗ ಅದನ್ನು ಒಂದು ತುದಿಯಿಂದ ಅಳಿಸುತ್ತ ಬಂದಿದ್ದಾರೆ. 2023ರ ಫೆಬ್ರವರಿಯಲ್ಲಿ ನಮ್ಮ ವಿಧಾನಮಂಡಲವೇ ಕಾಯಿದೆಗೆ ತಿದ್ದುಪಡಿ ತಂದು, ವಾರದ ಮಿತಿಯನ್ನು ಹಾಗೆಯೇ ಇಟ್ಟು, ದಿನದ ದುಡಿಮೆಯನ್ನು 12 ಗಂಟೆಯವರೆಗೆ ಹಿಗ್ಗಿಸಲು ದಾರಿ ಮಾಡಿಕೊಟ್ಟಿತು. ಕಾರ್ಮಿಕನ ಒಪ್ಪಿಗೆ ಬೇಕೆಂದು ಬರೆದಿದ್ದಾರಂತೆ! ಗೇಟಿನ ಹೊರಗೆ ನೂರು ಜನ ಕೆಲಸಕ್ಕಾಗಿ ನಿಂತಿರುವಾಗ ಒಳಗಿರುವವನ ಒಪ್ಪಿಗೆ ಎಷ್ಟು ಸ್ವತಂತ್ರವೆಂಬುದನ್ನು ಓದುಗರಿಗೆ ನಾವು ವಿವರಿಸಬೇಕಾಗಿಲ್ಲ. ಅದೇ ವರ್ಷ ಇನ್ಫೋಸಿಸ್ ಸ್ಥಾಪಕರಾದ ನಾರಾಯಣ ಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದು ಉಪದೇಶಿಸಿದರು. 2025ರ ಜನವರಿಯಲ್ಲಿ ಇನ್ನೊಂದು ಭಾರೀ ಕಂಪೆನಿಯ ಮುಖ್ಯಸ್ಥರ ಮಾತು ಹೊರಬಿತ್ತು: ವಾರಕ್ಕೆ 90 ಗಂಟೆ, ಭಾನುವಾರವೂ ಸೇರಿದಂತೆ. 2025ರ ನವೆಂಬರ್ 21ರಂದು ಕೇಂದ್ರ ಸರ್ಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದು ಹಳೆಯ ಕಾಯಿದೆಗಳನ್ನು ಪೆಟ್ಟಿಗೆಗೆ ಹಾಕಿತು. ವಾರಕ್ಕೆ ಆರು ದಿನಕ್ಕಿಂತ ಹೆಚ್ಚು ದುಡಿಸಕೂಡದೆಂಬ ಮಾತು ಹೊಸ ಸಂಹಿತೆಯಲ್ಲೂ ಉಳಿದಿದೆ. ಉಳಿದಿದೆ, ನಿಜ. ಆದರೆ ಉಪಯೋಗಿಸದ ಹಕ್ಕು ಉಪಯೋಗಿಸದ ಬಾವಿಯಂತೆ. ನಾಲ್ಕು ವರ್ಷ ಯಾರೂ ಸೇದದಿದ್ದರೆ ಊರವರೇ ಅದಕ್ಕೆ ಕಸ ತುಂಬುತ್ತಾರೆ.

ನಮ್ಮ ಭಾನುವಾರ ಈಗ ಹೇಗೆ ಕಳೆಯುತ್ತಿದೆ? ಹೂಟಗಳ್ಳಿ, ಹೆಬ್ಬಾಳ, ನಂಜನಗೂಡಿನ ಕಾರ್ಖಾನೆಗಳಲ್ಲಿ ದುಡಿಯುವವರು ಅರ್ಧ ದಿನ ನಿದ್ದೆ ಮಾಡಿ, ಉಳಿದರ್ಧ ಬಟ್ಟೆ ಒಗೆದು ಪಡಿತರ ತಂದು ಕಳೆಯುತ್ತಾರೆ. ಹೆಂಗಸರಿಗೆ ಅಷ್ಟೂ ಇಲ್ಲ. ಬೀಡಿ ಕಟ್ಟುವ, ಊದಿನಕಡ್ಡಿ ಹೊಸೆಯುವ ಮನೆಗಳಲ್ಲಿ ವಾರವೆಂಬುದೇ ಇಲ್ಲ. ದೇವರಾಜ ಮಾರುಕಟ್ಟೆಯ ಸುತ್ತಿನ ಸಣ್ಣ ವರ್ತಕನಂತೂ ತನಗೆ ತಾನೇ ಮಾಲೀಕ, ತನಗೆ ತಾನೇ ಆಳು. ಮಾಲೀಕನಾಗಿ ಆಳಿಗೆ ರಜೆ ಕೊಡುವ ಧೈರ್ಯ ಅವನಿಗಿಲ್ಲ. ಭಾನುವಾರ ಬಾಗಿಲು ಹಾಕಿದರೆ ಗಿರಾಕಿ ದೊಡ್ಡ ಮಳಿಗೆಗೆ ಹೋದಾನು, ಇಲ್ಲವೇ ಫೋನಿನಲ್ಲೇ ತರಿಸಿಕೊಂಡಾನು ಎಂಬ ಭಯ. ಹೀಗೆ ಗಿರಣಿಯವನೂ ಅಂಗಡಿಯವನೂ ಒಂದೇ ಊರಿನಲ್ಲಿ, ಒಂದೇ ಬೀದಿಯಲ್ಲಿ ಬಾಳಿದರೂ ದುಡ್ಡು ಕೊಟ್ಟು ಸಾಮಾನು ತೆಗೆದುಕೊಳ್ಳುವ ಗಳಿಗೆಯನ್ನು ಬಿಟ್ಟರೆ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ.

ಇವರಿಬ್ಬರನ್ನೂ ಒಂದು ದಿನ ಒಂದೇ ಹರಿಗೋಲಿನಲ್ಲಿ ಕೂರಿಸಬೇಕೆಂಬುದು ನಮ್ಮ ಸಲಹೆ.

ಹರಿಗೋಲನ್ನು ಕಂಡಿರುವವರಿಗೆ ಅದರ ಗುಣ ಗೊತ್ತು. ಬಿದಿರಿನ ದಬ್ಬೆಗಳನ್ನು ಬುಟ್ಟಿಯಂತೆ ಹೆಣೆದು, ಹಿಂದೆ ಚರ್ಮ ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿಯುತ್ತಾರೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಆನೆಗೊಂದಿಯ ಬಳಿ ಜನ ಬುಟ್ಟಿಯಂತಹ ದುಂಡು ದೋಣಿಗಳಲ್ಲಿ ತುಂಗಭದ್ರೆಯನ್ನು ದಾಟುವುದನ್ನು ಕಂಡು ಬರೆದಿಟ್ಟಿದ್ದಾನೆ. ಐನೂರು ವರ್ಷಗಳಾದರೂ ಆ ಆಕಾರ ಬದಲಾಗಿಲ್ಲ, ಬದಲಾಗಬೇಕಾಗಿಯೂ ಇಲ್ಲ. ತಳ ಚಪ್ಪಟೆಯಾದ್ದರಿಂದ ಮೊಣಕಾಲುದ್ದದ ನೀರಿನಲ್ಲೂ ತೇಲುತ್ತದೆ. ಬಂಡೆಗೆ ತಾಗಿದರೆ ಬಿದಿರು ಬಾಗುತ್ತದೆಯೇ ಹೊರತು ಮುರಿಯುವುದಿಲ್ಲ. ಕೆಲಸ ಮುಗಿದ ಮೇಲೆ ಅಂಬಿಗ ಅದನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು ಮನೆಗೆ ನಡೆಯುತ್ತಾನೆ. ಅದಕ್ಕೆ ಮುಂದಿಲ್ಲ, ಹಿಂದಿಲ್ಲ. ಹುಟ್ಟು ಹಾಕಲು ತಿಳಿಯದವನ ಕೈಗೆ ಕೊಟ್ಟರೆ ಇದ್ದಲ್ಲೇ ಬುಗುರಿಯಂತೆ ತಿರುಗುತ್ತದೆ. ತಿಳಿದವನು ಹುಟ್ಟನ್ನು ಎದುರಿನ ನೀರಿಗೆ ಇಳಿಸಿ ತನ್ನತ್ತ ಸೆಳೆದುಕೊಂಡರೆ ಮಾತ್ರ ಅದು ನೇರವಾಗಿ ಸಾಗುತ್ತದೆ.

ನಮಗೆ ಹಿಡಿಸಿದ್ದು ಅದರಲ್ಲಿ ಕೂರುವ ರೀತಿ. ಮೊದಲನೆ ದರ್ಜೆ ಎರಡನೆ ದರ್ಜೆ ಎಂಬುದು ಅಲ್ಲಿಲ್ಲ. ಎಲ್ಲರೂ ಅಂಚಿಗೆ ಬೆನ್ನು ಕೊಟ್ಟು, ಕಾಲುಗಳನ್ನು ನಡುವಿಗೆ ಚಾಚಿ, ಒಬ್ಬರ ಮುಖ ಒಬ್ಬರು ನೋಡುತ್ತ ಕೂರಬೇಕು. ದಪ್ಪನೆಯವರು ಈ ಕಡೆ ಇಬ್ಬರಿದ್ದರೆ ಆ ಕಡೆಯೂ ಇಬ್ಬರು ಬೇಕು. ತಾನೊಬ್ಬನೇ ಚೆನ್ನಾಗಿ ನೋಡಬೇಕೆಂದು ಯಾರಾದರೂ ಎದ್ದು ನಿಂತರೆ ನೀರು ಎಲ್ಲರ ಮಡಿಲಿಗೂ ಬರುತ್ತದೆ. ಕೂಡಿ ಬಾಳುವುದನ್ನು ಭಾಷಣದಿಂದ ಕಲಿಸುವುದಕ್ಕಿಂತ ಹೀಗೆ ಕಲಿಸುವುದು ಸುಲಭ.

ಮೈಸೂರಿನಿಂದ ಶ್ರೀರಂಗಪಟ್ಟಣ ಸುಮಾರು 15 ಕಿಲೋಮೀಟರು. ಕಾವೇರಿ ಅಲ್ಲಿ ಎರಡು ಕವಲಾಗಿ ಊರನ್ನು ಬಳಸಿಕೊಂಡು ಸಂಗಮದಲ್ಲಿ ಮತ್ತೆ ಕೂಡುತ್ತದೆ. ಮಳೆಗಾಲದ ರಭಸ ಇಳಿದ ಮೇಲೆ, ಕಾರ್ತಿಕದಿಂದ ಮಾಘದವರೆಗೆ, ಅಲ್ಲಿನ ನೀರು ಸೌಮ್ಯವಾಗಿರುತ್ತದೆ. ರೈಲಿದೆ, ಬಸ್ಸಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೇಟಿಲ್ಲ. ಹತ್ತಿಪ್ಪತ್ತು ಮನೆಯವರು ಸೇರಿ, ಬೆಳಗ್ಗೆ ಬುತ್ತಿ ಕಟ್ಟಿಕೊಂಡು ಹೊರಟರೆ ಹುಳಿಯನ್ನ ಮೊಸರನ್ನದಲ್ಲಿ ಊಟ ಮುಗಿಯುತ್ತದೆ. ಖರ್ಚೆಂದು ಉಳಿಯುವುದು ಹರಿಗೋಲಿನದೊಂದೇ.

ಅಲ್ಲಿ ನಿಂತು ನೋಡಿದರೆ ಆ ಹೊಳೆಯೂ ನಮ್ಮ ಹಾಗೆ ದುಡಿಯುವ ಜೀವವೆಂಬುದು ತಿಳಿದೀತು. 1902ರಲ್ಲೇ ಶಿವನಸಮುದ್ರದಲ್ಲಿ ಧುಮುಕಿ ಕೋಲಾರದ ಚಿನ್ನದ ಗಣಿಗೆ ವಿದ್ಯುಚ್ಛಕ್ತಿ ಕೊಟ್ಟದ್ದು ಅದು. 1911ರಲ್ಲಿ ಕನ್ನಂಬಾಡಿಯಲ್ಲಿ ಕಟ್ಟೆ ಕಟ್ಟಲು ಆರಂಭಿಸಿದಾಗ ಸಾವಿರಾರು ಕೂಲಿಗಳು ಸುರ್ಕಿ ಗಾರೆ ಹೊತ್ತು, ಕಲ್ಲು ಹೊತ್ತು, ಇಪ್ಪತ್ತು ವರ್ಷ ದುಡಿದು ಅದನ್ನು ತಡೆದು ನಿಲ್ಲಿಸಿದರು. ಮಂಡ್ಯದ ಕಬ್ಬು, ಭತ್ತ, ಮೈಸೂರಿನ ಬಹುಪಾಲು ನಲ್ಲಿಗಳ ನೀರು, ಎಲ್ಲವೂ ಆ ದುಡಿಮೆಯ ಫಲ. ಹೊಳೆಯನ್ನು ಹಿಡಿದವರ ಮೊಮ್ಮಕ್ಕಳು ಹೊಳೆಯ ಮೇಲೆ ಒಂದು ದಿನ ತೇಲಬೇಕೆಂದರೆ ಅದು ದುರಾಸೆಯೇ?

ಇನ್ನು ಅಂಬಿಗನ ಮಾತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬುದು ನಮ್ಮ ನಾಡಿನ ಇನ್ನೊಂದು ಗಾದೆ. ಕೃತಘ್ನತೆಯನ್ನು ಬೈಯಲು ಹುಟ್ಟಿದ ಗಾದೆ. ಸರ್ಕಾರವಾದರೋ ಅದನ್ನೇ ನೀತಿಯಾಗಿ ಮಾಡಿಕೊಂಡಿದೆ. ಹನ್ನೆರಡನೆಯ ಶತಮಾನದ ಅಂಬಿಗರ ಚೌಡಯ್ಯನವರ ಜಯಂತಿಯನ್ನು ಪ್ರತಿ ಜನವರಿ 21ರಂದು ಹಾರ ಹಾಕಿ ಆಚರಿಸುತ್ತಾರೆ. ಇಂದಿನ ಅಂಬಿಗನ ಗತಿ ಏನೆಂದು ಜನವರಿ 22ರಂದು ಯಾರೂ ಕೇಳುವುದಿಲ್ಲ. ಸೇತುವೆಗಳು ಬಂದ ಮೇಲೆ ಅವನ ದಾಟುಗೂಲಿ ಹೋಯಿತು. ಉಳಿದಿರುವುದು ಪ್ರವಾಸಿಗರನ್ನು ತಿರುಗಿಸುವ ಕೆಲಸ. ಅದೂ ಹೊಳೆ ಏರಿದರೆ ನಿಂತಿತು, ಹೊಳೆ ಬತ್ತಿದರೆ ನಿಂತಿತು. 2019ರ ಆಗಸ್ಟಿನಲ್ಲಿ, 2024ರ ಮಳೆಗಾಲದಲ್ಲಿ ಕಟ್ಟೆಯಿಂದ ಲಕ್ಷ ಕ್ಯೂಸೆಕ್ಕಿಗೂ ಮೀರಿ ನೀರು ಬಿಟ್ಟಾಗ ಹರಿಗೋಲುಗಳು ದಂಡೆಯಲ್ಲಿ ಬೋರಲು ಬಿದ್ದಿದ್ದವು. 2023ರ ಬರದಲ್ಲಿ ಬಂಡೆಗಳೇ ಮೇಲೆದ್ದಿದ್ದವು. ಕಾರ್ಖಾನೆ ಮುಚ್ಚಿದರೆ ನಮಗಾದರೂ ಪರಿಹಾರ ಕೇಳಲು ಒಂದು ಗೇಟಿದೆ. ಅಂಬಿಗ ಯಾವ ಗೇಟಿನ ಮುಂದೆ ಕೂರಬೇಕು?

ಆದ್ದರಿಂದ ಅಗ್ಗದ ವಿಹಾರ ಬೇಕೆಂದು ಕೇಳುವ ನಾವು ಅಂಬಿಗನ ಕೂಲಿಯನ್ನು ಚೌಕಾಸಿ ಮಾಡಿ ಅಗ್ಗ ಮಾಡಿಸಬಾರದು. ಒಬ್ಬ ಶ್ರಮಜೀವಿಯ ಸಂತೋಷ ಇನ್ನೊಬ್ಬ ಶ್ರಮಜೀವಿಯ ಹೊಟ್ಟೆಯ ಮೇಲೆ ಕಾಲಿಡಕೂಡದು. ಅಗ್ಗವಾಗಬೇಕಾದದ್ದು ನಡುವಿನವನ ಪಾಲು. ಅಂಬಿಗರೇ ಸೇರಿ ಸಹಕಾರ ಸಂಘ ಮಾಡಿಕೊಂಡು, ದರವನ್ನು ಕನ್ನಡದಲ್ಲಿ ದೊಡ್ಡದಾಗಿ ಹಲಗೆಯ ಮೇಲೆ ಬರೆದು, ಸರದಿಯಂತೆ ಹರಿಗೋಲು ಬಿಟ್ಟರೆ ಗುತ್ತಿಗೆದಾರನಿಗೆ ಅಲ್ಲಿ ಕೆಲಸವಿಲ್ಲ. ಸಂಘಕ್ಕೆ ಬೇಕಾದ ಮೊದಲ ಬಂಡವಾಳವೂ ದೊಡ್ಡದಲ್ಲ. ಬಿದಿರು, ಹಾಳೆ, ಡಾಂಬರು, ಹುಟ್ಟು, ಆಮೇಲೆ ತೇಲುವ ಜಾಕೀಟುಗಳು.

ಜಾಕೀಟಿನ ಮಾತನ್ನು ಕೊನೆಗೆ ಸೇರಿಸಿದ್ದೇವೆಂದು ಅದನ್ನು ಕಡೆಗಣಿಸಬಾರದು. 2019ರ ಜನವರಿಯಲ್ಲಿ ಕಾರವಾರದ ಬಳಿ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ತೀರಿಕೊಂಡರು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ 22 ಜನ. 2024ರ ಜನವರಿ 18ರಂದು ವಡೋದರಾದ ಹರ್ಣಿ ಕೆರೆಯಲ್ಲಿ ಶಾಲೆಯಿಂದ ವಿಹಾರಕ್ಕೆ ಬಂದಿದ್ದ 12 ಮಕ್ಕಳೂ 2 ಉಪಾಧ್ಯಾಯಿನಿಯರೂ ನೀರುಪಾಲಾದರು. ಅದು ನಿಂತ ನೀರಿನ ಕೆರೆ, ಅಲೆಯಿಲ್ಲ, ಸುಳಿಯಿಲ್ಲ. ತಾನೂರಿನಲ್ಲೂ ಹರ್ಣಿಯಲ್ಲೂ ಕೊಂದದ್ದು ಮುಖ್ಯವಾಗಿ ಹಿಡಿಸುವುದಕ್ಕಿಂತ ಹೆಚ್ಚು ಜನರನ್ನು ತುಂಬಿದ ಲೋಭ. ಇನ್ನೊಂದು ಟಿಕೇಟು, ಇನ್ನೊಂದು ಟಿಕೇಟು ಎಂದು ತುಂಬುವ ಕೈ ಯಾವುದೆಂದು ನಮಗೆ ಗೊತ್ತಿದೆ. ಇನ್ನೊಂದು ಗಂಟೆ, ಇನ್ನೊಂದು ಗಂಟೆ ಎಂದು ದುಡಿಸುವ ಕೈಯೂ ಅದೇ.

ನಿಯಮಗಳಿಗೇನೂ ಕೊರತೆಯಿಲ್ಲ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2017ರಲ್ಲೇ ದೋಣಿ ಸುರಕ್ಷತೆಗೆ ಮಾರ್ಗಸೂಚಿ ಹೊರಡಿಸಿದೆ. 2021ರ ಒಳನಾಡು ಹಡಗು ಕಾಯಿದೆಯಲ್ಲಿ ಯಂತ್ರವಿಲ್ಲದ ದೋಣಿಗಳನ್ನೂ ಪಟ್ಟಿಗೆ ಸೇರಿಸಲು ಅವಕಾಶವಿದೆ. ಇಲ್ಲದಿರುವುದು ಅವನ್ನು ನಡೆಸುವ ಮನಸ್ಸು. ಪ್ರತಿ ಹರಿಗೋಲಿನ ಮೇಲೆ ಇಷ್ಟೇ ಜನ ಎಂದು ಬಣ್ಣದಲ್ಲಿ ಬರೆಸಲು, ಮಗುವಿನ ಅಳತೆಯ ಜಾಕೀಟನ್ನು ಒದಗಿಸಲು, ಕಟ್ಟೆಯಿಂದ ನೀರು ಬಿಡುವ ಮುನ್ನ ನದಿಪಾತ್ರದ ಪ್ರತಿ ಘಟ್ಟದಲ್ಲೂ ಕೇಳುವಂತೆ ಸೈರನ್ ಕೂಗಿಸಲು ಯಾವ ವಿದೇಶಿ ತಜ್ಞನೂ ಬೇಕಾಗಿಲ್ಲ. ಮೊಸಳೆಗಳಿರುವ ಮಡುವಿನ ಬಳಿ ಇಳಿಯಬಾರದೆಂದು ಅಂಬಿಗನೇ ಹೇಳುತ್ತಾನೆ. ಅವನ ಮಾತು ಕೇಳುವ ವಿನಯ ಪಟ್ಟಣದವರಾದ ನಮಗಿರಬೇಕು. ಹರೆಯದ ಹುಡುಗರು ಕುಡಿದು ಬಲಮುರಿಯ ನೀರಿಗೆ ಹಾರುವುದನ್ನು ನಾವು ವಿಹಾರವೆಂದು ಕರೆಯುವುದಿಲ್ಲ.

ಮೂರನೆಯದು ದಂಡೆಯ ಪ್ರಶ್ನೆ. ರಂಗನತಿಟ್ಟಿನ ಕಡೆಗೆ ಹರಿಗೋಲನ್ನು ಬೇಕಾದಂತೆ ಬಿಡುವಂತಿಲ್ಲವೆಂದರೆ ನಾವು ತಲೆಬಾಗಿ ಒಪ್ಪುತ್ತೇವೆ. ಪಕ್ಷಿ ವಿಜ್ಞಾನಿ ಸಲೀಂ ಅಲಿಯವರ ಸಲಹೆಯ ಮೇರೆಗೆ 1940ರಲ್ಲೇ ಅದನ್ನು ಪಕ್ಷಿಧಾಮವೆಂದು ಸಾರಿದರು. 2022ರಲ್ಲಿ ಅದು ರಾಜ್ಯದ ಮೊದಲ ರಾಮ್ಸಾರ್ ಜೌಗುತಾಣವಾಯಿತು. ಅಲ್ಲಿ ಅರಣ್ಯ ಇಲಾಖೆಯವರೇ ಹುಟ್ಟು ಹಾಕಿ ಜನರನ್ನು ತಿರುಗಿಸುತ್ತಾರೆ. ಗೂಡು ಕಟ್ಟಿದ ಹಕ್ಕಿಯ ನೆಮ್ಮದಿಗಾಗಿ ನಮ್ಮನ್ನು ದೂರ ನಿಲ್ಲಿಸಿದರೆ ಅದು ನ್ಯಾಯ. ಆದರೆ ಹಣವಂತನ ರೆಸಾರ್ಟಿನ ನೆಮ್ಮದಿಗಾಗಿ ಹೊಳೆಯ ದಾರಿಗೆ ತಂತಿ ಬೇಲಿ ಬಿದ್ದರೆ ಅದು ಯಾವ ನ್ಯಾಯ? ದನ ನೀರು ಕುಡಿದ ಘಟ್ಟ, ಹೆಂಗಸರು ಬಟ್ಟೆ ಒಗೆದ ಸೋಪಾನ, ಬೆಸ್ತರು ಬಲೆ ಒಣಹಾಕಿದ ಮರಳು, ಇವು ಊರಿನ ಸ್ವತ್ತು. ಊರಿನ ಸ್ವತ್ತನ್ನು ಬೇಲಿಯೊಳಗೆ ಹಾಕಿಕೊಂಡು ಟಿಕೇಟು ಮಾರುವುದನ್ನು ಅಭಿವೃದ್ಧಿಯೆಂದು ಕರೆಯಲು ನಮ್ಮ ಬಾಯಿ ಬಾರದು.

ಸರ್ಕಾರದ ಲಕ್ಷ್ಯ ಎತ್ತ ಇದೆಯೆಂಬುದನ್ನು ನೋಡಿ. 2024ರಲ್ಲಿ ಬೃಂದಾವನವನ್ನು ಸಾವಿರಾರು ಕೋಟಿ ರೂಪಾಯಿಯ ವಿನೋದ ಉದ್ಯಾನವಾಗಿ ಮಾಡುವ ಯೋಜನೆಗೆ ಒಪ್ಪಿಗೆಯಾಯಿತು. ಕಾವೇರಿ ಆರತಿಗೆಂದು 90 ಕೋಟಿಗೂ ಮೀರಿದ ಅಂದಾಜು ಸಿದ್ಧವಾಯಿತು. ಕಟ್ಟೆಗೆ ಅಪಾಯವೆಂದು, ತಮ್ಮ ನೀರಿನ ಕಷ್ಟ ಹಾಗೆಯೇ ಇರುವಾಗ ಇದೇನು ಆಡಂಬರವೆಂದು 2025ರಲ್ಲಿ ಮಂಡ್ಯದ ರೈತರು ಬೀದಿಗಿಳಿದರು. ರೈತರ ಜೊತೆಗೆ ನಮ್ಮ ಸಣ್ಣ ವರ್ತಕರೂ ಇದರಲ್ಲಿ ತಮ್ಮ ಲಾಭ ನಷ್ಟವನ್ನು ಲೆಕ್ಕ ಹಾಕಬೇಕು. ಗೋಡೆ ಕಟ್ಟಿದ ಉದ್ಯಾನದೊಳಗೆ ಚಹಾದಿಂದ ಚುರುಮುರಿಯವರೆಗೆ ಎಲ್ಲವೂ ಗುತ್ತಿಗೆ ಹಿಡಿದ ಕಂಪೆನಿಯದೇ ಆಗಿರುತ್ತದೆ. ತೆರೆದ ಘಟ್ಟದಲ್ಲಾದರೋ ಕಡಲೆಕಾಯಿ ಹುರಿಯುವವಳಿಗೂ ಎಳನೀರು ಕೊಚ್ಚುವವನಿಗೂ ಬಾಡಿಗೆ ಸೈಕಲ್ಲಿನವನಿಗೂ ಒಂದಿಷ್ಟು ವ್ಯಾಪಾರವಿದೆ. ಆ ಸಾವಿರಾರು ಕೋಟಿಯಲ್ಲಿ ನೂರಕ್ಕೆ ಒಂದು ಪಾಲು ಸಾಕು: ಬೆಳಗೊಳದಿಂದ ತಲಕಾಡಿನವರೆಗೆ ಹತ್ತು ಕಡೆ ಮೆಟ್ಟಿಲು, ಮರದ ನೆರಳು, ಕುಡಿಯುವ ನೀರು, ಹೆಂಗಸರಿಗೆ ಬಟ್ಟೆ ಬದಲಿಸಲು ಕೋಣೆ, ಶೌಚಾಲಯ.

ನೀರಿನ ಕೊಳಕಿನ ಬಗೆಗೂ ಒಂದು ಮಾತು ಹೇಳದಿದ್ದರೆ ಲೇಖನ ಅರ್ಧವಾದೀತು. ದಂಡೆಯ ಊರುಗಳ ಚರಂಡಿ ಹೊಳೆಗೆ ಸೇರುತ್ತಿದೆ. 1948ರಲ್ಲಿ ಗಾಂಧೀಜಿಯವರ ಚಿತಾಭಸ್ಮವನ್ನು ಬಿಟ್ಟ ಪಶ್ಚಿಮವಾಹಿನಿಯಲ್ಲಿ ಇಂದು ಬಿಟ್ಟ ಬಟ್ಟೆ, ಒಡೆದ ಮಡಕೆ, ಪ್ಲಾಸ್ಟಿಕ್ ಚೀಲ ಕಾಲಿಗೆ ತೊಡರುತ್ತವೆ. ಚರಂಡಿಗೆ ಸರ್ಕಾರವನ್ನು ಕೇಳೋಣ. ಚೀಲಕ್ಕೆ ನಮ್ಮನ್ನೇ ಕೇಳಿಕೊಳ್ಳಬೇಕು. ಬುತ್ತಿಯನ್ನು ಬಾಳೆ ಎಲೆಯಲ್ಲಿ ಕಟ್ಟಿ ತಂದವನು ಎಲೆಯನ್ನು ದನಕ್ಕೆ ಹಾಕಿ ಬರಬಹುದು.

ಕೆಲವರು ಕೇಳಿಯಾರು: ವಿಹಾರ ಅವರವರ ಸ್ವಂತ ವಿಷಯ, ಇದರಲ್ಲಿ ಸಂಘಕ್ಕೇನು ಕೆಲಸ, ಸರ್ಕಾರಕ್ಕೇನು ಕೆಲಸ? 1936ರಲ್ಲಿ ಫ್ರಾನ್ಸಿನ ಕಾರ್ಮಿಕರು ಕಾರ್ಖಾನೆಗಳಲ್ಲೇ ಕುಳಿತು ಮುಷ್ಕರ ಹೂಡಿದಾಗ ಅವರಿಗೆ ಕೂಲಿ ಹೆಚ್ಚಳದ ಜೊತೆಗೆ ಎರಡು ವಾರದ ಸಂಬಳಸಹಿತ ರಜೆಯೂ ಸಿಕ್ಕಿತು. ಲೆಯೋ ಲಗ್ರಾಂಜ್ ಎಂಬ ಸಮಾಜವಾದಿಗೆ ವಿರಾಮ ಮತ್ತು ಕ್ರೀಡೆಯ ಖಾತೆಯನ್ನೇ ವಹಿಸಿಕೊಟ್ಟರು. ಕಾರ್ಮಿಕರಿಗೆ ರಿಯಾಯಿತಿಯ ರೈಲು ಟಿಕೇಟು ಬಂತು. ಸಮುದ್ರವನ್ನು ಕಾಣದೆಯೇ ಮುದುಕರಾಗುತ್ತಿದ್ದವರು ಮಕ್ಕಳ ಕೈ ಹಿಡಿದು ಸಮುದ್ರ ನೋಡಿದರು. ಇಂಗ್ಲೆಂಡಿನಲ್ಲಿ 1932ರಲ್ಲಿ ಮ್ಯಾಂಚೆಸ್ಟರ್ ಕಡೆಯ ದುಡಿಯುವ ಹುಡುಗರು, ಜಮೀನ್ದಾರರು ಮುಚ್ಚಿದ್ದ ಕಿಂಡರ್ ಸ್ಕೌಟ್ ಬೆಟ್ಟವನ್ನು ಗುಂಪಾಗಿ ಹತ್ತಿದರು. ಐವರು ಸೆರೆಮನೆಗೆ ಹೋದರು. ಇಂದು ಆ ಬೆಟ್ಟ ಎಲ್ಲರಿಗೂ ತೆರೆದಿದೆ. ಅವರಿಗೂ ಹಿಟ್ಟಿನ ಚಿಂತೆ ಇದ್ದೇ ಇತ್ತು. ಹಿಟ್ಟು ಸಿಕ್ಕ ಮೇಲೆ ಮಲ್ಲಿಗೆ ಎಂದು ಅವರು ಕಾಯುತ್ತ ಕೂರಲಿಲ್ಲ.

ಆದಕಾರಣ ನಮ್ಮ ಬೇಡಿಕೆಗಳು ಇವು. ನದಿಯ ದಂಡೆಗೆ ಸಾರ್ವಜನಿಕರ ದಾರಿಯನ್ನು ಯಾರೂ ಮುಚ್ಚಕೂಡದು. ಅಂಬಿಗರ ಸಹಕಾರ ಸಂಘಕ್ಕೆ ಮಾತ್ರ ಹರಿಗೋಲಿನ ಪರವಾನಗಿ ಕೊಡಬೇಕು; ಅಂಬಿಗನಿಗೂ ಪ್ರಯಾಣಿಕನಿಗೂ ವಿಮೆ ಬೇಕು; ಪ್ರವಾಹದಿಂದ ಕೆಲಸ ನಿಂತ ದಿನಗಳಿಗೆ ಅಂಬಿಗನಿಗೆ ಜೀವನಭತ್ಯೆ ಬೇಕು. ಜಾಕೀಟಿಲ್ಲದೆ ಒಂದು ಹರಿಗೋಲೂ ನೀರಿಗಿಳಿಯಕೂಡದು. ಸಂಘಗಳಿಂದಲೂ ಸರ್ಕಾರಿ ಶಾಲೆಗಳಿಂದಲೂ ಗುಂಪಾಗಿ ಬಂದವರಿಗೆ ರಿಯಾಯಿತಿ ಕೊಟ್ಟು, ಅದರ ವೆಚ್ಚವನ್ನು ಪ್ರವಾಸೋದ್ಯಮ ಇಲಾಖೆ ಭರಿಸಬೇಕು.

ಇಷ್ಟು ಬರೆದು ಸರ್ಕಾರದ ಬಾಗಿಲಲ್ಲಿ ಕಾಯಬೇಕೆಂದು ನಾವು ಹೇಳುವುದಿಲ್ಲ. ಪ್ರತಿಯೊಂದು ಸಂಘವೂ ಚಂದಾ ಹಣದಲ್ಲಿ ತಿಂಗಳಿಗೆ ಒಂದಿಷ್ಟನ್ನು ವಿಹಾರನಿಧಿಯೆಂದು ಬೇರೆ ಇಡಲಿ. ವರ್ತಕರ ಸಂಘದವರು ಒಂದು ಬೀದಿಯಲ್ಲಿ ಎಲ್ಲರೂ ಒಂದೇ ದಿನ ಬಾಗಿಲು ಹಾಕುವ ಒಪ್ಪಂದ ಮಾಡಿಕೊಳ್ಳಲಿ. ಎಲ್ಲರೂ ಹಾಕಿದರೆ ಯಾರ ಗಿರಾಕಿಯೂ ಪಕ್ಕದ ಅಂಗಡಿಗೆ ಹೋಗುವುದಿಲ್ಲ. ಹೊಳೆಯ ರಭಸ ಇಳಿದ ಮೇಲೆ ಒಂದು ಭಾನುವಾರವನ್ನು ಗೊತ್ತುಮಾಡಿ, ಕಟ್ಟೆಯ ಹೊರಹರಿವನ್ನು ಹಿಂದಿನ ದಿನವೇ ವಿಚಾರಿಸಿ, ಹೆಂಗಸರು ಮಕ್ಕಳೊಡನೆ ಹೊರಡಲಿ. ಹರಿಗೋಲಿನಲ್ಲಿ ಅಂಬಿಗನ ಹುಟ್ಟನ್ನು ಒಂದು ಗಳಿಗೆ ಕೇಳಿ ತೆಗೆದುಕೊಂಡು ನಮ್ಮ ಹುಡುಗರೂ ಹುಡುಗಿಯರೂ ಹಾಕಿ ನೋಡಲಿ. ಮೊದಲು ಇದ್ದಲ್ಲೇ ತಿರುಗುತ್ತದೆ, ನಕ್ಕವರು ನಗಲಿ, ಕೈ ಪಳಗಿದ ಮೇಲೆ ಮುಂದಕ್ಕೆ ಹೋಗುತ್ತದೆ. ಆ ದಿನದ ಖರ್ಚನ್ನೂ, ಘಟ್ಟದಲ್ಲಿ ಕಂಡ ಕುಂದುಕೊರತೆಯನ್ನೂ ಬರೆದು ತಂದು ಮುಂದಿನ ಸಭೆಯಲ್ಲಿ ಓದಲಿ. ಬೋನಸ್ಸಿನ ಬೇಡಿಕೆಯ ಪಕ್ಕದಲ್ಲೇ ಅದನ್ನೂ ದಾಖಲೆ ಪುಸ್ತಕಕ್ಕೆ ಸೇರಿಸಲಿ.